ಶರ್ಟಿನ ಗುಂಡಿ

ಈ ತಿಂಗಳಲ್ಲಿ ಇದು ಒಂಬತ್ತನೆಯದು.
ಡಬ್ಬಿಯಲ್ಲಿದ್ದ ಬಿಳಿ ಗುಂಡಿಗಳು ಮುಗಿದು
ಇವರ ಹಳೇ ಅಂಗಿಯಿಂದ ಒಂದನ್ನು ಕಿತ್ತು ಹೊಲಿದೆ.
ಸ್ವಲ್ಪ ಹಳದಿ. ಯಾರು ನೋಡ್ತಾರೆ ಅಂದುಕೊಂಡೆ.

ಎಲ್ಲಿ ಬಿತ್ತೋ ಪುಷ್ಕರ ಅಂದರೆ, ಆಟದಲ್ಲಿ ಅನ್ನುತ್ತಾನೆ.
ಆಟವೇ ಹೌದು. ಆಮೇಲೆ ತಿಳಿಯಿತು:
ಊಟದ ಬಿಡುವಿನಲ್ಲಿ ನೀರಿನ ಟ್ಯಾಂಕಿನ ಹಿಂದೆ
ಗೋಡೆಗೆ ಒರಗಿಸಿ ನಿಲ್ಲಿಸಿಕೊಂಡು
ಆರನೇ ಕ್ಲಾಸಿನ ಉದ್ದುದ್ದ ಹುಡುಗರು
ಇವನೆದೆಯ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಾರೆ.
ಮೂವತ್ತೇಳು. ಗುಣಿಸು. ನಲವತ್ತೆಂಟು.
ಕೊನೆಗೆ ಹೊಟ್ಟೆಗೊಂದು ಗುದ್ದು, ಅದು ಈಕ್ವಲ್ ಟು.
ಉತ್ತರ ಬಂದರೆ ನಗು.
ಬರದಿದ್ದರೆ ಬ್ಯಾಟರಿ ಸಡಿಲ ಅಂತ
ತಿರುಗಿಸಿ ಬೆನ್ನಿಗೆ ಬಡಿಯುತ್ತಾರೆ.

ಒಂಬತ್ತು ವರ್ಷದವನನ್ನು ಅವರ ನಡುವೆ ಕೂರಿಸಿದ್ದು
ಸ್ಕೂಲಿನವರು ಮಾತ್ರ ಅಲ್ಲ.
ಎರಡು ಕ್ಲಾಸು ಮೇಲಕ್ಕೆ ಹಾಕ್ತೀವಿ ಅಂದ ದಿನ
ಕಬ್ಬನ್‌ಪೇಟೆಯ ನಮ್ಮ ಗಲ್ಲಿಗೆಲ್ಲ
ಪೇಡ ಹಂಚಿದವಳು ನಾನು.

ಇವರು ಮಗ್ಗ ನಿಲ್ಲಿಸಿ ಬಂದು
ಕೈ ತೊಳೆಯುತ್ತ ಹೇಳಿದರು:
"ಬುದ್ಧಿ ಇರೋನು ಅದನ್ನ ಬಚ್ಚಿಡೋದೂ ಕಲೀಬೇಕು.
ಹತ್ತಕ್ಕೆ ಮೂರು ತಪ್ಪು ಹೇಳೋ ಮಗನೇ.
ಒಂದು ವರ್ಷ. ಮರೆತುಬಿಡ್ತಾರೆ."
ಅವರಿಗೆ ಗೊತ್ತು.
ಸಾವಿರಗಟ್ಟಲೆ ಎಳೆಯ ಹಾಸಿನಲ್ಲಿ ಕಡಿದ ಒಂದನ್ನು
ದೂರದಿಂದಲೇ ಕಾಣಬಲ್ಲ ಮನುಷ್ಯ
ಸಾಹುಕಾರರ ಮುಂದೆ ಇಪ್ಪತ್ತು ವರ್ಷದಿಂದ
ಬೆರಳು ಮಡಿಸಿ ಎಣಿಸುತ್ತಿದ್ದಾರೆ.

ನಾನು ಕೂಗಿದೆ. ನಮ್ಮ ಬೀದಿಯಲ್ಲಿ ಕೂಗಿದರೆ ಜಗಳವಲ್ಲ,
ಮಗ್ಗದ ಸದ್ದಿನ ಮೇಲೆ ಎಲ್ಲರೂ ಕೂಗಿಯೇ ಮಾತಾಡೋದು.
ಆದರೆ ಆಗ ಮಗ್ಗ ನಿಂತಿತ್ತು.
"ನಿಮ್ಮ ಹಾಗೆ ಕುಗ್ಗಿ ಬದುಕೋದು ಬೇಡ ನನ್ನ ಮಗ.
ನಾಳೆ ಹೆಡ್‌ಮಿಸ್ ಹತ್ರ ಹೋಗ್ತೀನಿ,
ಒಬ್ಬೊಬ್ಬರ ಹೆಸರೂ ಬರೆಸ್ತೀನಿ."
"ಬರೆಸು. ಬರೆಸಿ ನೀನು ಮನೆಗೆ ಬರ್ತೀಯ.
ಟ್ಯಾಂಕಿನ ಹಿಂದೆ ಇರೋನು ಅವನು."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.
ತಣ್ಣಗಾದ ಹುಳಿ ಇತ್ತು. ಮೂವರೂ ಉಂಡೆವು.

ಶನಿವಾರ ಟೆಸ್ಟಿನ ಪೇಪರು ಬಂತು.
ನಲವತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ,
ಸರಿಯಾದ್ದಕ್ಕೆ ಟಿಕ್ಕು ಹಾಕಿದರೆ ಸಾಕು.
ನಲವತ್ತಕ್ಕೆ ಸೊನ್ನೆ.
ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ.
ಇವರು ಸೀರೆಯ ಸೆರಗಿನಲ್ಲಿ ದೋಷ ಹುಡುಕುವ ಹಾಗೆ
ಪೇಪರನ್ನು ಬಲ್ಬಿಗೆ ಹಿಡಿದು ನೋಡಿದರು, ಬಹಳ ಹೊತ್ತು.
"ಶಾಕಾಂಬರೀ,
ಏನೂ ಗೊತ್ತಿಲ್ಲದೋನು ಕಣ್ಮುಚ್ಚಿ ಹಾಕಿದರೂ
ಹತ್ತು ಸಿಗುತ್ತೆ.
ಒಂದೂ ಸರಿಯಾಗಬಾರದು ಅಂದರೆ
ನಲವತ್ತೂ ಗೊತ್ತಿರಬೇಕು."
ಸ್ವಲ್ಪ ಹೊತ್ತಿನ ಮೇಲೆ, ಯಾರಿಗೋ ಎಂಬಂತೆ:
"ಮೂರು ಅಂದಿದ್ದೆ ನಾನು. ಮೂರೇ ಮೂರು."

ರಾತ್ರಿ ಸೂಜಿಗೆ ದಾರ ಪೋಣಿಸುವಾಗ ನೆನಪಾಯಿತು.
ಹೋದ ಗೌರಿಹಬ್ಬ. ಬಾಗಿನ ತಂದ ಅತ್ತಿಗೆಯರು.
ನಿದ್ದೆಗಣ್ಣಿನ ಹುಡುಗನನ್ನು ಎಬ್ಬಿಸಿ ತಂದು
ನಡುಮನೆಯಲ್ಲಿ ನಿಲ್ಲಿಸಿ
ಎದೆಯ ಮೇಲೆ ಬೆರಳಿಟ್ಟು ನಾನೇ ಕೇಳಿದ್ದೆ:
ಮೂವತ್ತೇಳು ನಲವತ್ತೆಂಟ್ಲ ಎಷ್ಟು, ಹೇಳು ಪುಟ್ಟಾ.
ಸಾವಿರದ ಏಳ್ನೂರ ಎಪ್ಪತ್ತಾರು.
ಎಲ್ಲರೂ ಚಪ್ಪಾಳೆ ತಟ್ಟಿದರು.
ಅವನು ನನ್ನನ್ನೇ ನೋಡುತ್ತಿದ್ದ,
ಇನ್ನು ಮಲಗಬಹುದಾ ಅನ್ನುವ ಹಾಗೆ.

ಸೋಮವಾರ ಇಬ್ಬರೂ ಹೊರಟೆವು.
ಏನು ಹೇಳಬೇಕು ಅನ್ನೋದು
ಅವೆನ್ಯೂ ರೋಡಿನ ತಿರುವು ಬಂದರೂ ತೀರ್ಮಾನವಾಗಿರಲಿಲ್ಲ.
ನಾಲ್ಕನೇ ಕ್ಲಾಸಿಗೇ ವಾಪಸ್ ಹಾಕಿಸೋಣ, ಅವರು.
ಯಾಕೆ, ತಪ್ಪು ಮಾಡಿದೋನು ಇವನಾ, ನಾನು.
ನಮ್ಮಿಬ್ಬರ ಕೈ ಹಿಡಿದು ನಡುವೆ ಬರುತ್ತಿದ್ದವನು
ಅಡ್ಡ ನಿಂತ ಆಟೋದ ನಂಬರು ನೋಡಿದ.
ತುಟಿ ಅಲ್ಲಾಡಿತು. ಕಣ್ಣು ಅರಳಿತು.
ನಮ್ಮ ಮುಖ ನೋಡಿ ಬಾಯಿ ಮುಚ್ಚಿಕೊಂಡ.

"ಏನೋ ಅದು? ಹೇಳು," ಅಂದರು ಇವರು.
"ಏನಿಲ್ಲಪ್ಪ," ಅಂದ,
ನನ್ನ ಕೈ ಬಿಡಿಸಿಕೊಂಡು
ಆ ಹಳದಿ ಗುಂಡಿಯ ಮೇಲೆ ಇಟ್ಟುಕೊಂಡ.